ಮಾರ್ಲಿಯ ಮಣ್ಣಿನ ಬೂಟು

ಸ್ಟೆನ್ಲೋ, ಸಸ್ಕ್ಯಾಚೆವಾನ್
ಮಾರ್ಚ್ ೨೩, ಭಾನುವಾರ

ಪ್ರೀತಿಯ ಮಗಳು ಲೆಸ್ಯಾಳಿಗೆ,

ಅಮ್ಮನ ಆಶೀರ್ವಾದಗಳು. ತುಂಬಾ ತಡವಾಯಿತು, ಹೊಟ್ಟೆಗೆ ಹಾಕಿಕೊ. ನಿನ್ನ ಕಾಗದ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು, ಹಾಲು ತೆಗೆಯಲು ಹೋದಾಗಲೆಲ್ಲ ನನ್ನನ್ನು ದುರುಗುಟ್ಟಿ ನೋಡುತ್ತಿದೆ. "ಒಂದು ಫೋನ್ ಮಾಡಿ ಮುಗಿಸಬಾರದಾ" ಅಂತ ನಿಮ್ಮಪ್ಪ. ಫೋನಿನಲ್ಲಿ ನನ್ನ ದನಿ ಕೇಳಿದ ತಕ್ಷಣ ನೀನು "ಏನಾಯ್ತಮ್ಮ" ಅನ್ನುತ್ತೀ, ನಾನು "ಏನಿಲ್ಲ, ಶೀತ" ಅನ್ನುತ್ತೇನೆ. ಅದಕ್ಕೇ ಪೆನ್ನು ಹಿಡಿದು ಕೂತೆ. ಇಲ್ಲಿ ಹಿಮ ಇನ್ನೂ ಕರಗಿಲ್ಲ. ಅಪ್ಪನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ.

ಮೊದಲು ನೀನು ಕೇಳಿದ್ದು. ಎರಡನೇ ಕ್ಲಾಸಿನ ಮಕ್ಕಳಿಗೆ ಚಿತ್ರಕಲೆ ಪಿರಿಯಡ್ಡಿನಲ್ಲಿ ಏನು ಮಾಡಿಸಲಿ, ನನಗೇ ಒಂದು ಗೆರೆ ನೆಟ್ಟಗೆ ಎಳೆಯಲು ಬರುವುದಿಲ್ಲ ಎಂದು ಬರೆದಿದ್ದೀ. ಬರದಿದ್ದರೆ ಒಳ್ಳೆಯದೇ ಆಯಿತು. ಬರುವವರು ಮಗುವಿನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ತಿದ್ದುತ್ತಾರೆ, ಆ ಮಗು ಮತ್ತೆ ಗೆರೆ ಎಳೆಯುವುದಿಲ್ಲ. ಮಕ್ಕಳು ಆಕಾಶವನ್ನು ಹಾಳೆಯ ಮೇಲ್ತುದಿಯಲ್ಲಿ ಒಂದು ನೀಲಿ ಪಟ್ಟಿ ಬಳಿದು ಮುಗಿಸುತ್ತಾರೆ, ನೋಡಿರುತ್ತೀ. ತಪ್ಪು ಅನ್ನಬೇಡ. ಬಿಸಿಲು ಬಂದ ದಿನ ಆಟದ ಬಯಲಿಗೆ ಕರೆದುಕೊಂಡು ಹೋಗಿ ಬೆನ್ನ ಮೇಲೆ ಮಲಗಿಸು, ಆಮೇಲೆ ಎದ್ದು ಕೂತು ದೂರ ನೋಡಲು ಹೇಳು. ಆಕಾಶ ನೆಲದವರೆಗೂ ಇಳಿದಿರುವುದನ್ನು ಅವರೇ ಕಂಡುಹಿಡಿದು ನಿನಗೇ ಪಾಠ ಹೇಳುತ್ತಾರೆ. ನೀನು ಬಾಯಿ ಮುಚ್ಚಿಕೊಂಡು ಕೇಳಬೇಕು. ನಿನಗೆ ಅದು ಕಷ್ಟ, ಅಪ್ಪನ ಮಗಳಲ್ಲವೇ.

ಗೋಂದಿನ ಬಾಟಲಿ ಕೊಡುವ ಮೊದಲು ಈ ಪದ ಹಾಡಿಸು: "ಚುಕ್ಕೆ ಚುಕ್ಕೆ ಸಾಕು, ಕೆರೆ ಯಾಕೆ ಬೇಕು?" ಹಾಡಿಸದಿದ್ದರೆ ಮೇಜೂ ಮಗುವೂ ಒಂದಾಗಿ ಹೋಗುತ್ತವೆ. ಮಗು ತಂದು ತೋರಿಸಿದ್ದು ನಿನಗೆ ಅರ್ಥವಾಗದಿದ್ದರೆ "ಇದೇನು?" ಎಂದು ಮಾತ್ರ ಕೇಳಬೇಡ. "ಇದರ ಕಥೆ ಹೇಳು" ಅನ್ನು. ಈಸ್ಟರ್‌ಗೆ ಅಜ್ಜಿ ಮಾಡುತ್ತಿದ್ದ, ಮೇಣದಲ್ಲಿ ಚಿತ್ರ ಬರೆದು ಬಣ್ಣಕ್ಕೆ ಅದ್ದುವ ಮೊಟ್ಟೆ ಮಾಡಿಸಲಾ ಎಂದು ಕೇಳಿದ್ದೀ. ದೇವರಾಣೆ ಬೇಡ. ಬೆಂಕಿ, ಬಿಸಿ ಮೇಣ, ಹಸಿ ಮೊಟ್ಟೆ, ಏಳು ವರ್ಷದ ಮಕ್ಕಳು! ಬಿಳಿ ಕ್ರೇಯಾನಿನಲ್ಲಿ ಒತ್ತಿ ಚಿತ್ರ ಬರೆಸಿ, ಮೇಲೆ ನೀರುಬಣ್ಣ ಬಳಿಸು. ಮೇಣ ಹತ್ತಿದಲ್ಲಿ ಬಣ್ಣ ನಿಲ್ಲದೆ ಚಿತ್ರ ಎದ್ದು ಬರುತ್ತದೆ. ಅಜ್ಜಿಯ ವಿದ್ಯೆಯೂ ಉಳಿಯಿತು, ಸ್ಕೂಲೂ ಉಳಿಯಿತು.

ಇನ್ನು ಜೇಡಿಮಣ್ಣು. ಅದನ್ನು ಬರೆಯಲಾಗದೆಯೇ ಇಷ್ಟು ದಿನ ತಡವಾದದ್ದು. ಬರೆಯುತ್ತೇನೆ.

ನಾನು ಚಿತ್ರಕಲೆ ಕಲಿಸುವ ಮೂರನೇ ಕ್ಲಾಸಿನಲ್ಲಿ ಮಾರ್ಲಿ ಎಂಬ ಹುಡುಗಿ ಇದ್ದಳು. ಸೆಪ್ಟೆಂಬರಿನಲ್ಲಿ ಬಂದವಳು, ಮಿಸೆಸ್ ಫ್ರೀಸನ್ ಅವರ ಸಾಕುಮನೆಯಲ್ಲಿ ಇದ್ದಳು. ಅವಳ ತಾಯಿ ಮಗಳನ್ನು ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲ. ಇದಕ್ಕೆ ಮುಂಚೆ ಎಷ್ಟು ಮನೆ ಬದಲಾಯಿಸಿದ್ದಾಳೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮುಂದಿನ ಹಲ್ಲೊಂದು ಇಲ್ಲ, ಮಾತು ಮಾತ್ರ ಅಜ್ಜಮ್ಮಂದಿರದು. ಮಕ್ಕಳು ತಮ್ಮ ತಮ್ಮ ಮೈಬಣ್ಣ ತಾವೇ ಕಲಸುವ ಪಾಠವಿದೆಯಲ್ಲ, ಕಂದು, ಹಳದಿ, ಕೆಂಪು, ಬಿಳಿ ಕೊಟ್ಟು? ಎಲ್ಲರೂ ಕೈ ಪಕ್ಕ ಬ್ರಷ್ ಹಿಡಿದು ನೋಡುತ್ತಿದ್ದರೆ ಇವಳು ನನ್ನ ಕೈ ಎಳೆದುಕೊಂಡು, "ಮಿಸೆಸ್ ಎಚ್, ನಿಮ್ಮ ಬಣ್ಣ ಕಲಸೋದು ತುಂಬಾ ಕಷ್ಟ. ಮಚ್ಚೆ ಜಾಸ್ತಿ" ಅಂದಳು. ನಮ್ಮ ಹ್ರಿಂಚುಕ್ ಎಂಬ ಹೆಸರನ್ನು ಪೂರ್ತಿ ಹೇಳುವ ತಾಳ್ಮೆ ಸ್ಕೂಲಿನಲ್ಲಿ ಯಾರಿಗೂ ಇಲ್ಲ, ನಾನು ಎಲ್ಲರಿಗೂ ಮಿಸೆಸ್ ಎಚ್.

ಈ ತಿಂಗಳು ಮಣ್ಣಿನ ಕೆಲಸ. ಹೆಬ್ಬೆರಳು ಊರಿ, ತಿರುಗಿಸುತ್ತಾ ಚಿವುಟಿ ಬಟ್ಟಲು ಮಾಡಿ ಎಂದೆ. ಎಲ್ಲರೂ ಬಟ್ಟಲು ಮಾಡಿದರು, ಮಾರ್ಲಿ ಬೂಟು ಮಾಡಿದಳು. ಲೇಸಿಗೆ ತೂತು, ಹಿಂದೆ ಎಳೆದುಕೊಳ್ಳಲು ಕಿವಿ, ಎಲ್ಲ ಇದ್ದ ಚಳಿಗಾಲದ ಬೂಟು.

"ಇನ್ನೊಂದು ಕಾಲಿಂದು ಎಲ್ಲಿ?" ಎಂದು ಡಾಸನ್ ಕೇಳಿದ. ಅವಳ ಮೇಜಿನ ಜೊತೆಗಾರ, ಪಾಪದವನು.

"ಇನ್ನೊಂದು ಇಲ್ಲ. ಜೋಡಿ ಇದ್ರೆ ಒಂದು ಕಳ್ಕೊಂಡಾಗ ಇನ್ನೊಂದೂ ದಂಡ. ಇದು ಮೊದಲಿಂದಾನೂ ಒಂದೇ."

ಹಿಮದಲ್ಲಿ ಜಾರಬಾರದು ಎಂದು ಹಿಮ್ಮಡಿಯನ್ನು ಗಟ್ಟಿ ಮಣ್ಣಿನಲ್ಲಿ ದಪ್ಪ ಮಾಡಿದ್ದಳು. ನಿನಗೂ ಹೇಳಿಬಿಡುತ್ತೇನೆ: ಹೆಬ್ಬೆರಳಿಗಿಂತ ದಪ್ಪಗಿದ್ದದ್ದು ಒಳಗೆ ಒಣಗುವುದಿಲ್ಲ, ಸುಡಲು ಇಟ್ಟರೆ ಒಳಗಿನ ನೀರು ಹಬೆಯಾಗಿ ಸಿಡಿಯುತ್ತದೆ. ಒಳಗಿನಿಂದ ಕೊರೆ ಎಂದೆ, ಚಮಚದಲ್ಲಿ ಒಂದಿಷ್ಟು ಕೊರೆದಳು. ಎರಡು ವಾರ ನಿಧಾನವಾಗಿ ಒಣಗಲು ಬಿಟ್ಟರೆ ಅಷ್ಟು ಸಾಕಿತ್ತು.

ಅದರ ಮುಂದಿನ ಸೋಮವಾರವೇ ಮಕ್ಕಳ ಇಲಾಖೆಯ ಟ್ರೆಂಟ್ ಸ್ಕೂಲಿಗೆ ಬಂದ. ಮಾರ್ಲಿಯ ಸ್ವಂತ ಅಜ್ಜಿಯ ತಂಗಿ ಸಿಕ್ಕಿದ್ದಾರಂತೆ, ಉತ್ತರದಲ್ಲಿ, ಲಾ ರೋಂಜ್ ಹತ್ತಿರ. ಡೆಲ್ಫೀನ್ ಎಂದು ಹೆಸರು. ಮೊಮ್ಮಗಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಶುಕ್ರವಾರ ಮಧ್ಯಾಹ್ನ ಹೊರಡುವುದು.

"ಇದೇ ಶುಕ್ರವಾರಾನಾ?" ಅಂದೆ.

"ಅವರ ಮನೇಲಿ ಅವರ ಭಾಷೆ ಆಡ್ತಾರೆ, ವೆರ್ನಾ. ಅವಳ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳೆಲ್ಲ ಅಲ್ಲೇ ಇದಾರೆ. ನಾವು ಇದಕ್ಕಾಗಿ ವರ್ಷದಿಂದ ಹುಡುಕ್ತಿದ್ವಿ."

ನಾನು ಏನು ಹೇಳಲಿ, ಲೆಸ್ಯಾ? ಯಾರಾದರೂ ತಪ್ಪು ಮಾಡುತ್ತಿದ್ದರೆ ಜಗಳವಾಡಬಹುದಿತ್ತು. ನನ್ನ ಬಾಯಿ ನಿನಗೆ ಗೊತ್ತಲ್ಲ. ಇದು ಸರಿಯಾದದ್ದೇ. ಇಲ್ಲಿಯ ಮೂಲನಿವಾಸಿ ಕ್ರೀ ಜನರ ಮಗು ಕ್ರೀ ಮನೆಗೆ, ತನ್ನ ರಕ್ತಸಂಬಂಧಕ್ಕೆ ಹೋಗುತ್ತಿದೆ. ತುಂಬಾ ಸಂತೋಷ ಅಂದೆ. ಅವನು ಹೋದ ಮೇಲೆ ಪೇಂಟ್ ತೊಳೆಯುವ ಸಿಂಕಿನ ಮುಂದೆ ನಿಂತು ತೊಳೆದ ಬ್ರಷ್ಷುಗಳನ್ನೇ ಮತ್ತೆ ತೊಳೆದೆ.

ಮಾರ್ಲಿಗೂ ಅಂದೇ ಹೇಳಿದರು. ಮಧ್ಯಾಹ್ನ ಬಂದವಳು ಆ ಅಜ್ಜಿಯ ಬಗ್ಗೆ ಏನೂ ಮಾತಾಡಲಿಲ್ಲ. "ನನ್ನ ಬೂಟು ಶುಕ್ರವಾರದೊಳಗೆ ಆಗುತ್ತಾ?" ಅಂದಳು.

"ಮಣ್ಣು ಒಣಗಬೇಕಲ್ಲ ಚಿನ್ನ. ಆಮೇಲೆ ನಾನೇ ಸುಟ್ಟು, ಬಣ್ಣ ಹಾಕಿ ಪೋಸ್ಟಲ್ಲಿ ಕಳಿಸ್ತೀನಿ."

"ಆಮೇಲೆ ಕಳಿಸ್ತೀವಿ ಅಂದೋರು ಕಳಿಸಲ್ಲ" ಎಂದಳು. ಸಿಟ್ಟಿಲ್ಲದೆ, ನಾಳೆ ಚಳಿ ಇರುತ್ತೆ ಅನ್ನುವ ಹಾಗೆ. "ನನ್ನ ಸೈಕಲ್ಲೂ ಬರಲಿಲ್ಲ."

ಕೈಯಲ್ಲೇ ಕೊಟ್ಟು ಕಳಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಸೈಕಲ್ಲಿನ ಮಾತು ಕೇಳಿದ ಮೇಲೆ ಬೇರೆ ಇನ್ನೇನು ಹೇಳಲು ಸಾಧ್ಯವಿತ್ತೋ, ನೀನೇ ಹೇಳು.

ಬೂಟನ್ನು ಮನೆಗೆ ತಂದು, ಓವನ್ನನ್ನು ಅತಿ ಸಣ್ಣ ಉರಿಗೆ ಇಟ್ಟು, ಬಾಗಿಲು ಅರೆ ತೆರೆದು ಒಳಗಿಟ್ಟೆ. ಮಂಗಳವಾರ ಸ್ಕೂಲಿನಿಂದ ಬಂದಾಗ ಅಪ್ಪ ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. "ರಾತ್ರಿ ಊಟಕ್ಕೆ ಬೂಟಾ? ಜೊತೆಗೆ ಹುಳಿ ಕೆನೆ ಇದೆಯಾ?" ಅಂದರು. ನಗುತ್ತಲೇ ಅದನ್ನು ಆ ಕಡೆ ಈ ಕಡೆ ತಿರುಗಿಸಿ ಇಡುತ್ತಿದ್ದರು, ದಿನವಿಡೀ ಅದೇ ಕೆಲಸ ಮಾಡಿದ್ದರಂತೆ.

ಈಗ ನನ್ನ ದಡ್ಡತನ ಕೇಳು. ಮಣ್ಣು ಒಣಗಿದೆಯೋ ಇಲ್ಲವೋ ಎಂದು ನಾವು ನೋಡುವುದು ಕೆನ್ನೆಗೆ ಇಟ್ಟು. ತಣ್ಣಗಿದ್ದರೆ ಒಳಗಿನ್ನೂ ನೀರಿದೆ, ತಣ್ಣಗಿಲ್ಲದಿದ್ದರೆ ಒಣಗಿದೆ. ಕಿಂಡರ್‌ಗಾರ್ಟನ್ ಮಕ್ಕಳಿಗೂ ಕಲಿಸಿದ್ದೇನೆ, ಮಾರ್ಚಿನಲ್ಲಿ ಎಲ್ಲರ ಕೆನ್ನೆ ಮೇಲೂ ಮಣ್ಣಿನ ಪುಡಿ. ಗುರುವಾರ ಬೆಳಿಗ್ಗೆ ಬೂಟನ್ನು ಓವನ್ನಿಂದ ತೆಗೆದು, ಟವೆಲ್ಲಿನಲ್ಲಿ ಸುತ್ತಿ, ಕಾರಿನ ಹೀಟರಿನ ಮುಂದೆ ಇಟ್ಟುಕೊಂಡು ಹೋದೆ. ಸ್ಕೂಲಿನಲ್ಲಿ ಕೆನ್ನೆಗಿಟ್ಟೆ. ತಣ್ಣಗಿರಲಿಲ್ಲ. ಮಾರ್ಲಿಯೂ ಇಟ್ಟುಕೊಂಡು, "ಬೆಚ್ಚಗಿದೆ! ಒಣಗಿದೆ!" ಅಂದಳು. ಓವನ್ನಿನಿಂದ ಬಂದದ್ದು ಬೆಚ್ಚಗಿರದೆ ಇನ್ನೇನು? ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುವವಳಿಗೆ ಅಷ್ಟು ಹೊಳೆಯಬೇಡವೇ? ಹೊಳೆಯಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಳ್ಳಲ್ಲ.

ಸಾಮಾನು ಕೋಣೆಯಲ್ಲಿ ಮಣ್ಣು ಸುಡುವ ಕರೆಂಟಿನ ಆವಿಗೆ ಇದೆ; ಒಂದು ಬೂಟಿಗೋಸ್ಕರ ಅಷ್ಟು ದೊಡ್ಡದನ್ನು ಹಚ್ಚುವುದೇಕೆ ಎಂದು, ಮೊದಲೇ ಒಣಗಿದ್ದ ಕೆಲವು ಬಟ್ಟಲುಗಳನ್ನೂ ಜೊತೆಗೆ ಇಟ್ಟೆ. ಡಾಸನ್‌ನದೂ ಇತ್ತು. ಊಟದ ಹೊತ್ತಿಗೆ ಸಾಮಾನು ಕೋಣೆಯಿಂದ ಧಡ್ ಎಂದು ಕೇಳಿಸಿತು. ಯಾರೋ ಪುಸ್ತಕದ ರಾಶಿ ಬೀಳಿಸಿದಂತೆ, ಅಷ್ಟೇ. ನನ್ನ ಕೈಯಲ್ಲಿದ್ದ ಸ್ಯಾಂಡ್‌ವಿಚ್ ಕೆಳಗಿಟ್ಟೆ. ಆವಿಗೆ ಆರುವವರೆಗೆ ತೆರೆಯುವಂತಿಲ್ಲ. ಒಳಗೆ ಏನಾಗಿದೆ ಎಂದು ಗೊತ್ತಿದ್ದೂ ಮಾರನೆಯ ಬೆಳಿಗ್ಗೆಯವರೆಗೆ ಕಾಯಬೇಕು. ಆ ಮಧ್ಯಾಹ್ನ ಕಾರಿಡಾರಿನಲ್ಲಿ ಮಾರ್ಲಿ ಸಿಕ್ಕಾಗಲೆಲ್ಲ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು. ನಾನೂ ಎತ್ತಿ ತೋರಿಸಿದೆ.

ಶುಕ್ರವಾರ ಮುಚ್ಚಳ ತೆಗೆದರೆ ಹಿಮ್ಮಡಿ ಇದ್ದ ಕಡೆ ಬರೀ ಚೂರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆ ಹಿಡಿದವಳು ನಾನೇ. ಸಿಡಿದ ಚೂರು ಡಾಸನ್‌ನ ಬಟ್ಟಲಿಗೆ ಬಡಿದು ಅದೂ ಇಬ್ಭಾಗವಾಗಿತ್ತು.

ಬೆಳಗಿನ ಗಂಟೆಗೆ ಮುಂಚೆಯೇ ಮಾರ್ಲಿ ಬಂದಳು, ತಲೆ ಬಾಚಿಕೊಂಡು, ಪ್ರಯಾಣಕ್ಕೆಂದು ಕೊಟ್ಟ ಹೊಸ ಜಾಕೆಟ್ ಹಾಕಿಕೊಂಡು. ನಾನು ಚೂರುಗಳ ತಟ್ಟೆಯನ್ನು ಅವಳ ಮುಂದೆ ಇಟ್ಟು, "ನನ್ನ ತಪ್ಪು, ಮಾರ್ಲಿ. ನಾನು ಅವಸರ ಮಾಡಿದೆ. ಪೂರ್ತಿ ನನ್ನ ತಪ್ಪು" ಎಂದೆ. ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಪರವಾಗಿಲ್ಲ ಮಿಸೆಸ್ ಎಚ್" ಎಂದು ನನ್ನ ತೋಳು ತಟ್ಟಿದಳು. ಎಂಟು ವರ್ಷದ್ದು, ನನ್ನನ್ನು ಸಮಾಧಾನ ಮಾಡುತ್ತಿದೆ. ಚೂರುಗಳನ್ನು ಬೆರಳಿನಲ್ಲಿ ಸರಿಸಿ ನೋಡುತ್ತಾ, "ಇದು ಯಾರದು?" ಎಂದಳು.

"ಡಾಸನ್‌ದು."

ಆಗ ಮುಖ ಬಾಡಿತು ನೋಡು. "ನನ್ನ ಬೂಟಿಂದಾನಾ?"

ಸುಳ್ಳು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವಳೇ ಅಂದಳು: "ಅವನಿಗೆ ಹೇಳಬೇಡಿ. ನಾಳೆಯಿಂದ ನಾನಿರಲ್ಲ. ನನ್ನ ನೆನಪಾದಾಗೆಲ್ಲ 'ನನ್ನ ಬಟ್ಟಲು ಒಡೆದೋಳು' ಅನ್ಕೋತಾನೆ."

ಹೇಳುವುದಿಲ್ಲ ಎಂದೆ. ಆವಿಗೆ ಕೆಟ್ಟಿತು ಎಂದು ಹೇಳಿದೆ, ಡಾಸನ್ ನಂಬಿದ. ಮಾರ್ಲಿಗೆ ಒಂದು ಮುದ್ದೆ ಹಸಿ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟೆ. ನೀರು ಚಿಮುಕಿಸುತ್ತಿದ್ದರೆ ಎಷ್ಟು ದಿನವಾದರೂ ಹಸಿಯಾಗಿರುತ್ತದೆ ಎಂದು ಹೇಳಿಕೊಟ್ಟೆ. ಅಲ್ಲಿ ಸುಡಲು ಏನೂ ಇರುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಟ್ರೆಂಟನ ಕಾರು ಬಂತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಬೆಲ್ಟ್ ತಾನೇ ಹಾಕಿಕೊಂಡಳು. ಅಭ್ಯಾಸವಾಗಿದೆ. ನಾನು ನೋಡುತ್ತಾ ನಿಂತೆ, ಮಾಡಲು ಏನೂ ಇರಲಿಲ್ಲ.

ಆದ್ದರಿಂದ ಮಣ್ಣಿನ ಕೆಲಸ ಮಾಡಿಸು, ಹೆದರಬೇಡ. ತೆಳ್ಳಗೆ ಮಾಡಿಸು, ಹೆಸರನ್ನು ಒದ್ದೆಯಿರುವಾಗಲೇ ತಳದಲ್ಲಿ ಕೊರೆಸು, ಒಣಗಲು ಬಿಡು. ಯಾರು ಎಷ್ಟೇ ಕಣ್ಣರಳಿಸಿ ಕೇಳಿದರೂ ಇಂಥ ದಿನ ಕೊಡುತ್ತೇನೆ ಎಂದು ಹೇಳಬೇಡ.

ಹೊಟ್ಟೆ ತುಂಬ ಊಟ ಮಾಡು, ಸ್ಕೂಲಿನ ಕಾಫಿಯನ್ನೇ ಊಟ ಅಂದುಕೊಳ್ಳಬೇಡ. ನಿಮ್ಮ ರೆಡ್ ಡಿಯರ್ ಊರಿನ ರಸ್ತೆಗಳಲ್ಲಿ ಇನ್ನೂ ಮಂಜುಗಡ್ಡೆ ಇರುತ್ತದೆ, ನಿಧಾನವಾಗಿ ಓಡಿಸು. ನಿನ್ನ ಕ್ಲಾಸಿನ ಮಕ್ಕಳಿಗೆಲ್ಲ ಒಳ್ಳೆಯದಾಗಲಿ, ನಿನ್ನ ಕೈಯಲ್ಲಿ ಅವರ ಕೈ ಚಿಗುರಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಪ್ರೀತಿಯ
ಅಮ್ಮ

ಮರೆತಿದ್ದು: ಈಸ್ಟರ್‌ಗೆ ಬಂದಾಗ ನಿನ್ನ ಕೋಣೆ ನೋಡಿ ಗಾಬರಿಯಾಗಬೇಡ. ನಿನ್ನ ಸಾಮಾನೆಲ್ಲ ನೆಲಮಾಳಿಗೆಯಲ್ಲಿ ಜೋಪಾನವಾಗಿದೆ. ಗೋಡೆಗೆ ಹೊಸ ಬಣ್ಣ ಬಳಿದು, ಅಪ್ಪ ಅಷ್ಟು ಮಂಡಿನೋವಿನಲ್ಲೂ ಒಂದು ಚಿಕ್ಕ ಮಂಚ ಮಾಡಿದ್ದಾರೆ. ಮಾರ್ಲಿಯನ್ನು ನಮಗೇ ಕೊಡಿ ಎಂದು ಕ್ರಿಸ್‌ಮಸ್ ಕಳೆದ ಮೇಲೆ ಅರ್ಜಿ ಹಾಕಿದ್ದೆವು. ಖಚಿತವಾದ ಮೇಲೆ ನಿನಗೆ ಹೇಳೋಣ ಅಂದರು ಅಪ್ಪ. ಆ ಸೋಮವಾರ ಟ್ರೆಂಟ್ ಬಾಗಿಲಲ್ಲಿ ನಿಂತಾಗ, ಒಪ್ಪಿಗೆ ಸಿಕ್ಕಿತು ಎಂದು ಹೇಳಲು ಬಂದಿದ್ದಾನೆ ಎಂದುಕೊಂಡು ನಾನು ಮೊದಲೇ ನಗತೊಡಗಿದ್ದೆ. ಅಪ್ಪನನ್ನು ಏನೂ ಕೇಳಬೇಡ, ಆ ಮಂಚದ ಮೇಲೆ ಹೋಗಿ ಕೂತಿರುತ್ತಾರೆ. ತೀರ್ಮಾನವಾಗುವ ಮುಂಚೆ ಮಗುವಿಗೆ ಹೇಳಬಾರದು ಎಂಬುದು ಇಲಾಖೆಯ ನಿಯಮ, ಆದ್ದರಿಂದ ಹೇಳಲಿಲ್ಲ. ಈಗ ಹೇಳುವುದೂ ಸರಿಯಲ್ಲ. ಈ ಊರಿನಲ್ಲಿ ತಾನು ಬೇಕು ಅಂದವರು ಇಬ್ಬರಿದ್ದರು ಎಂದು ಅವಳಿಗೆ ಗೊತ್ತೇ ಇಲ್ಲ, ಲೆಸ್ಯಾ. ನನ್ನ ಬಗ್ಗೆ ಅವಳಿಗೆ ಗೊತ್ತಿರುವುದು ಕೈಯಲ್ಲೇ ಕೊಡುತ್ತೇನೆ ಎಂದು ಹೇಳಿ ಬೂಟು ಒಡೆದಳು ಎಂಬುದೊಂದೇ.