ಪಾಳಿ ಮುಗಿಸಿದವನ ಗೊರಕೆ

ತಮ್ಮಾ ಬಸಗೊಂಡ,

ಇವತ್ತು ಸೋಮವಾರ, ಉಪವಾಸ. ಕಸ ಹೊಡೆದು, ಲಿಂಗಪೂಜೆ ಮುಗಿಸಿ ಬಟ್ಟೆ ಹಿಂಡುತ್ತಿದ್ದೆ. ಆಚೆಮನೆಯ ಛಾಯಾಳ ಗಂಡ ಆಶಿಷ ರಾತ್ರಿಪಾಳಿ ಮುಗಿಸಿ ಮಲಗಿದ್ದ. ಅವನ ಗೊರಕೆ ಗೋಡೆ ದಾಟಿ ಬಂತು, ಕೊಡ ನೀರಲ್ಲಿ ಮುಳುಗುವಂಥ ಸದ್ದು. ನನ್ನ ಕೈಯಿಂದ ಬಟ್ಟೆ ಜಾರಿತು. ಆ ಸದ್ದು ನಾನು ಮೊದಲೂ ಕೇಳಿದ್ದೆ.

ಓಡಿದೆ. ಛಾಯಾ ಬಾಗಿಲಲ್ಲೇ ತಡೆದಳು. "ಎಬ್ಬಸಬ್ಯಾಡ್ರಿ ಅಕ್ಕಾ, ಹನ್ನೆರಡ ತಾಸ ಮಗ್ಗದ ಮುಂದ ನಿಂತ ಬಂದಾರ."

"ಬಾಜೂಕ ಸರಿ! ಅವನ ತುಟಿ ನೋಡ, ನೀಲಿ ಆಗ್ಯಾವ!"

ದಿಂಬಿನ ಪಕ್ಕ ಅಮಲು ಬರಿಸುವ ನೋವಿನ ಗುಳಿಗೆಯ ಖಾಲಿ ಪಾಕೀಟು ಬಿದ್ದಿತ್ತು.

ಇಂಥ ಗುಳಿಗೆ ಅತಿಯಾದರೆ ಉಸಿರು ನಿಲ್ಲುತ್ತದೆ, ೧೦೮ಕ್ಕೆ ಫೋನ್ ಹಚ್ಚಿ ಬಾಯಿಂದ ಉಸಿರು ಊದಬೇಕು ಎಂದು ಹೋದ ತಿಂಗಳು ನಮ್ಮ ಭಜನಾ ಮಂಡಳಕ್ಕೆ ಒಬ್ಬ ನರ್ಸ್ ಕಲಿಸಿದ್ದಳು. "ಪರಗಂಡಸಿನ ಬಾಯಿಗೆ ಬಾಯಿ ಹಚ್ಚೂದೇನ್ರಿ?" ಎಂದು ನಾನೇ ನಕ್ಕಿದ್ದೆ. ಇವತ್ತು ಛಾಯಾ ಫೋನ್ ಹಚ್ಚಿದಳು, ನಾನು ಊದುತ್ತಲೇ ಇದ್ದೆ. ಗಾಡಿಯ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಅವನು ಕಣ್ಣು ಬಿಟ್ಟ.

ಪಾಳಿಯವರನ್ನು ಎಬ್ಬಿಸುವುದು ಪಾಪ ಎಂದು ಈ ಇಚಲಕರಂಜಿಯಲ್ಲಿ ನಾವೆಲ್ಲ ನಂಬಿದವರು. ನೀನು ಪಾಳಿ ಮುಗಿಸಿ ಬಂದು ಮಲಗಿದ್ದ ಆ ಮುಂಜಾನೆ ನಿನ್ನ ಇಂಥದೇ ಗೊರಕೆ ಕೇಳಿ ಮಕ್ಕಳನ್ನು ಗದರಿಸಿ ಹೊರಗೆ ಕಳಿಸಿದೆ. ನಿನಗೆ ಚಾದರ ಹೊದಿಸಿ ಬಾಗಿಲು ಮುಚ್ಚಿದೆ. ಊಟಕ್ಕೆ ಎಬ್ಬಿಸಲು ಬಂದದ್ದು ಮಧ್ಯಾಹ್ನ, ಅಷ್ಟರಲ್ಲಿ ನಿನ್ನ ಮೈ ತಣ್ಣಗಾಗಿತ್ತು.

ಚಾದರ ಹೊದಿಸುವಾಗ ನಿನಗೆ ಎಚ್ಚರವಿತ್ತೇನೋ?

ಅವ್ವ ಈಗ ನಿನ್ನ ಹತ್ತಿರವೇ ಇದ್ದಾಳಲ್ಲ. ನೀನು ಬಾರದಿದ್ದರೂ ಅವಳು ನನ್ನ ಕನಸಿಗೆ ಬರುತ್ತಾಳೆ. ಉತ್ತರ ಅವಳ ಕೈಯಲ್ಲಿ ಕೊಟ್ಟು ಕಳಿಸು.