ಮಣಿಕಟ್ಟು ಮುಟ್ಟುವ ಸ್ಕೀ

ಕ್ರಾನ್ಸ್ಕಾ ಗೋರಾ, ಗುರುವಾರ

ತಾತ,

ಸ್ಕೀ ಬಾಡಿಗೆ ಅಂಗಡಿಯ ಕೆಲಸ ಇನ್ನೂ ಇದೆ, ಇವತ್ತು ಹೋಗುವುದರಲ್ಲಿತ್ತು. ಬೆಳಿಗ್ಗೆ ವಿಂಕೊ ಎಂಬ ಮುದುಕರೊಬ್ಬರು ಬಂದು, ನಿನ್ನ ಹಾಗೆಯೇ ಕೈ ಮೇಲೆತ್ತಿ, ಮಣಿಕಟ್ಟು ಮುಟ್ಟುವಷ್ಟು ಉದ್ದದ ಸ್ಕೀ ಕೇಳಿದರು. ವರ್ಷಕ್ಕೆರಡು ಸಲ ಹಿಮದ ಮೇಲೆ ಜಾರುವವರಿಗೆ, ನೆಟ್ಟಗೆ ನಿಲ್ಲಿಸಿದ ಸ್ಕೀ ಗದ್ದಕ್ಕೂ ಮೂಗಿಗೂ ನಡುವೆ ಬಂದರೆ ಸಾಕು, ತಿರುಗುವುದು ಸುಲಭ ಎಂದೆ.

"ನಾನೇನು ಚಿಕ್ಕ ಮಗುನಾ, ಹುಡುಗಿ?"

"ಉದ್ದದ್ದು ಹಾಕ್ಕೊಂಡ್ರೆ ಬೀಳ್ತೀರಿ. ನಾನಂತೂ ಕೊಡಲ್ಲ."

ಮಾಲೀಕ ಸ್ಲಾವ್ಕೊ ಗಿಡ್ಡ ಜೋಡಿಯನ್ನೇ ಅವರ ಕೈಗಿಟ್ಟು ನನ್ನತ್ತ ತಿರುಗಿದ. "ಸಂಜೆ ಇವರು ಬೈಕೊಂಡು ಬಂದ್ರೆ ನೀನು ಗಂಟುಮೂಟೆ ಕಟ್ಟು."

ಸಂಜೆ ವಿಂಕೊ ಕೆನ್ನೆ ಕೆಂಪಗೆ ಮಾಡಿಕೊಂಡು ಬಂದರು. "ನಾಳೆಗೂ ಇದೇ ಇರ್ಲಿ. ನನ್ನ ಹೆಂಡ್ತಿ ಕೇಳಿದ್ರೆ, ಉದ್ದದ್ದು ಖಾಲಿಯಾಗಿತ್ತು ಅನ್ನು."

"ಸುಳ್ಳು ಹೇಳಲ್ಲ."

"ಹಾಗಾದ್ರೆ ಬಾಯಿ ಮುಚ್ಕೊಂಡಿರು ತಾಯಿ."

ನನ್ನ ಮೊಣಕಾಲಿನ ಊತ ಇಳಿದಿದೆ. ಹೇಗೆ ಬಿದ್ದೆನೆಂದು ಹೋದ ಸಲ ಬರೆದಿರಲಿಲ್ಲ. ನೀನು ಪ್ರೀತಿಯಿಂದ ಹೊರಿಸಿ ಕಳಿಸಿದ ನಿನ್ನ ಹಳೆಯ ಜೋಡಿ ನನಗಿಂತ ಎರಡು ಗೇಣು ಉದ್ದ, ತಾತ. ಅಪರಿಚಿತರಿಗೆ ಒಂದೇ ನಿಮಿಷದಲ್ಲಿ ಹೇಳಿದ್ದನ್ನು ನಿನಗೆ ಹೇಳಲು ಮೂರು ವಾರ ಬೇಕಾಯಿತು.

ಕಾರ್ಡಿನಲ್ಲಿ ಜಾಗ ಮುಗಿಯಿತು.

ತಿಂಕಾರಾ