ಮೂರು ಸಲ ಅಳೆದವಳ ಹಾಳೆ

ಸೈನ್ಸ್ ಮೇಷ್ಟ್ರಿಗೆ ಸುಮನಾಳ ಅಜ್ಜಿ ಪಂಕಜಾಕ್ಷಿಯ ನಮಸ್ಕಾರ.

ಲ್ಯಾಬಿನಲ್ಲಿ ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟು ಮೊಮ್ಮಗಳು ಮೂರು ಸಲ ಸೆಕೆಂಡು ಎಣಿಸಿದಳು. ಮೂರು ಸಲವೂ ಬೇರೆ ಬೇರೆ ಬಂತು, ಹಾಗೇ ಬರೆದಳು. ನೀವು "ಪುಸ್ತಕದಾಗೆ ಒಂದೇ ಐತೆ, ನಿಂದೇನೇ ಮೂರು?" ಎಂದು ಹಾಳೆ ಹರಿದಿರಂತೆ. ಅಳೆಯದೆ ಪುಸ್ತಕ ನೋಡಿ ಬರೆದವರಿಗೆ ಪೂರಾ ಮಾರ್ಕಂತೆ.

ಹಾನುಬಾಳಿನ ಎಸ್ಟೇಟಿನಲ್ಲಿ ನಾನು ಮಳೆ ಅಳೆಯುತ್ತಿದ್ದೆ. ಅಳತೆ ಗಾಜಿನ ಮೇಲೆ ನನ್ನ ಕಣ್ಣಿಗೂ ಲೆಕ್ಕ ಬರೆಯುವ ರೈಟರ್ ಕಣ್ಣಿಗೂ ಒಂದು ಗೆರೆ ವ್ಯತ್ಯಾಸ ಬಂದರೆ ಎರಡನ್ನೂ ಬರೆದಿಡುತ್ತಿದ್ದೆವು. ನಮ್ಮದು ನಾಲ್ಕನೇ ಕ್ಲಾಸಿನ ಬುದ್ಧಿ.

ನಿನ್ನೆ ಅವಳು ಮುಂದಿನ ಪ್ರಯೋಗದ ಉತ್ತರ ಮೊದಲೇ ಬರೆದಿಟ್ಟಳು. "ಅಳೆಯೋದು ಯಾವಾಗೇ?" ಅಂದೆ.

"ಉತ್ತರ ಗೊತ್ತಲ್ಲಜ್ಜಿ, ಅಳೆಯೋದ್ಯಾಕೆ?" ಅಂದಳು.

ಹರಿದ ಚೂರುಗಳಿದ್ದರೆ ಕಳಿಸಿಕೊಡಿ. ಮನೆಯಲ್ಲಿ ಅನ್ನದ ಗಂಜಿ ಇದೆ, ಅಂಟಿಸಿಕೊಳ್ಳುತ್ತೇನೆ.

ಪಂಕಜಾಕ್ಷಿ